ನಡುಗೋಡೆಯ ನ್ಯಾಯ

ಹಳೆಯ ಪೇಟೆಬೀದಿಗಳಲ್ಲಿ ಹುಟ್ಟಿ ಬೆಳೆದವರಿಗೆ ನಡುಗೋಡೆಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಎರಡು ಮನೆಗಳ ನಡುವೆ ಮಣ್ಣಿನದೋ ಇಟ್ಟಿಗೆಯದೋ ಒಂದೇ ಗೋಡೆ. ಆ ಮನೆಯ ತೊಲೆಗಳೂ ಈ ಮನೆಯ ತೊಲೆಗಳೂ ಅದರ ಮೇಲೆಯೇ ಕುಳಿತಿರುತ್ತವೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಜಂಟಿ ಗೋಡೆ’ ಎಂಬ ಒಂದು ಮಾತನ್ನು ಬಿಟ್ಟರೆ ಅದರ ವಿಷಯವಾಗಿ ಬೇರೇನನ್ನೂ ಬರೆದಿರುವುದಿಲ್ಲ. ಎರಡೂ ಮನೆಗಳು ಹಳೆಯವಾಗಿರುವವರೆಗೆ ಬರೆಯುವ ಅಗತ್ಯವೂ ಯಾರಿಗೂ ಕಾಣುವುದಿಲ್ಲ. ಒಬ್ಬರು ಕೆಡವಿ ಕಟ್ಟಲು ಹೊರಟ ದಿನ ಆ ಗೋಡೆಗೆ ಇಬ್ಬರು ಯಜಮಾನರಿದ್ದಾರೆಂಬುದು ನೆನಪಾಗುತ್ತದೆ.

ನನ್ನ ಅನುಭವವನ್ನು ಸಂಕೋಚದಿಂದಲೇ ಹೇಳುತ್ತೇನೆ. ಮೂವತ್ತು ವರ್ಷಗಳ ಹಿಂದೆ ಅಂಗಡಿಯ ಹಿಂಬದಿಯ ಮನೆಯನ್ನು ಕೆಡವಿ ಆರ್.ಸಿ.ಸಿ. ಕಟ್ಟಡವನ್ನು ಎಬ್ಬಿಸಲು ತೊಡಗಿದೆ. ನೆರೆಮನೆಯ ಹಿರಿಯರನ್ನು ನಾನು ಬಾಲ್ಯದಿಂದ ಅಣ್ಣನೆಂದೇ ಕರೆಯುತ್ತಿದ್ದೆ. ಆದರೂ ಪಾಯ ತೋಡುವ ಮೊದಲು ಅವರ ಜಗುಲಿಗೆ ಹೋಗಿ ಒಂದು ಮಾತು ಹೇಳಲಿಲ್ಲ. ಮೇಸ್ತ್ರಿಯು ಗೋಡೆಯ ಬುಡಕ್ಕೆ ಹತ್ತಿರವಾಗಿ ಆಳಕ್ಕೆ ಅಗೆದನು. ಮಳೆ ಬಂತು. ಅವರ ಅಡಿಗೆಮನೆಯ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತು. ಆ ಬಿರುಕು ಮೊದಲೇ ಇತ್ತೆಂದು ನಾನು, ಇರಲಿಲ್ಲವೆಂದು ಅವರು. ವ್ಯಾಜ್ಯವು ಅನೇಕ ವರ್ಷ ನಡೆಯಿತು. ಲೆಕ್ಕ ಬರೆಯುವುದು ನನ್ನ ವೃತ್ತಿಧರ್ಮವಾದುದರಿಂದ ಇದಕ್ಕೂ ಒಂದು ಖಾತೆಯನ್ನು ತೆರೆದಿದ್ದೆ. ಗೋಡೆಗೆ ಆದ ವೆಚ್ಚಕ್ಕಿಂತ ನ್ಯಾಯಾಲಯದ ವೆಚ್ಚದ ಕಲಮು ದೊಡ್ಡದಾಗಿದೆ. ಮಾತು ನಿಂತುಹೋದುದಕ್ಕೆ ಯಾವ ಕಲಮಿನಲ್ಲಿಯೂ ಅಂಕಿ ಹಾಕಲು ಬಾರದು. ಅನಂತರದ ವರ್ಷಗಳಲ್ಲಿ, ಹಿಂದಿನವರು ಇಂತಹ ತಗಾದೆಯನ್ನು ಹೇಗೆ ಬಗೆಹರಿಸುತ್ತಿದ್ದರೆಂದು ಓದತೊಡಗಿದೆನು. ಈ ಲೇಖನವು ಆ ಓದಿನ ಫಲ.

ಮೊದಲು ನಮ್ಮ ದೇಶದ ಮಾತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರಾಜನೀತಿಯ ಗ್ರಂಥವೆಂದಷ್ಟೇ ಬಹುಮಂದಿ ತಿಳಿದಿದ್ದಾರೆ. ಅದರ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವ ವಿಷಯಕ್ಕೇ ಮೀಸಲಾದ ಅಧ್ಯಾಯವೊಂದಿದೆ. ಮನೆ, ಹೊಲ, ತೋಟ, ಕಟ್ಟೆ, ಕೆರೆ ಇವೆಲ್ಲವನ್ನೂ ‘ವಾಸ್ತು’ ಎಂಬ ಒಂದೇ ಹೆಸರಿನಿಂದ ಕರೆದು, ಅವುಗಳ ವಿವಾದವನ್ನು ನೆರೆಯವರ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕೆಂದು ಅಲ್ಲಿ ವಿಧಿಸಿದೆ. ನೀರು ಹರಿಯಗೊಟ್ಟು ಪರರ ಗೋಡೆಯನ್ನು ಕೆಡಿಸಿದವನಿಗೆ ಹನ್ನೆರಡು ಪಣ ದಂಡ. ಮಲಮೂತ್ರಗಳಿಂದ ಕೆಡಿಸಿದರೆ ಅದರ ಇಮ್ಮಡಿ. ಅಳತೆ, ಅಂತರ, ಕಿಟಕಿಯ ಎತ್ತರಗಳನ್ನೆಲ್ಲ ಹೇಳಿದ ಆ ಶಾಸ್ತ್ರಕಾರನೇ, ಮನೆಯ ಯಜಮಾನರು ಒಟ್ಟುಗೂಡಿ ಒಪ್ಪಿದಲ್ಲಿ ಇಷ್ಟಬಂದಂತೆ ಕಟ್ಟಿಕೊಳ್ಳಬಹುದು, ಪರಸ್ಪರರಿಗೆ ಅನಿಷ್ಟವಾದುದನ್ನು ಮಾತ್ರ ತಡೆಯಬೇಕು ಎಂದಿದ್ದಾನೆ. ಒಪ್ಪಂದವಿರುವಲ್ಲಿ ರಾಜನ ಅಳತೆಗೋಲಿಗೆ ಕೆಲಸವಿಲ್ಲವೆಂದು ಇದರ ತಾತ್ಪರ್ಯ. ‘ವಾಸ್ತು’ ಎಂಬ ಇದೇ ಪದವು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಲ್ಲಿಯೂ ಬರುತ್ತದೆಂಬುದು ವಾಚಕರಿಗೆ ತಿಳಿದೇ ಇದೆ. ಅದನ್ನು ನಿತ್ಯ ಪಾರಾಯಣ ಮಾಡುತ್ತಿದ್ದ ನನಗೆ ನೆರೆಯವರ ಪಾಯದ ಬಳಿ ಅದು ನೆನಪಾಗಲಿಲ್ಲ.

ಆದರೆ ನಡುಗೋಡೆಯ ನ್ಯಾಯವು ನಿಯಮದ ಮೇಲೆ ನಿಯಮವಾಗಿ ಶತಮಾನಗಳ ಕಾಲ ಬೆಳೆದು, ಅದರ ದಾಖಲೆಗಳೂ ಉಳಿದಿರುವ ಊರು ಲಂಡನ್. ಅದಕ್ಕೆ ಕಾರಣ ಬೆಂಕಿ. ಮರದ ಮನೆ, ಹುಲ್ಲಿನ ಮಾಡುಗಳ ಆ ನಗರವು ಮತ್ತೆ ಮತ್ತೆ ಉರಿದುಹೋಗುತ್ತಿದ್ದುದರಿಂದ, ನೆರೆಹೊರೆಯವರ ನಡುವೆ ಕಲ್ಲಿನ ಗೋಡೆ ಕಟ್ಟುವುದನ್ನು ಪ್ರೋತ್ಸಾಹಿಸಲು ಪೌರರು ಒಂದು ಕಟ್ಟಳೆಯನ್ನು ಮಾಡಿಕೊಂಡರು. ಪರಂಪರೆಯು ಅದನ್ನು 1189ರದೆಂದು, ನಗರದ ಮೊದಲ ಮೇಯರ್ ಹೆನ್ರಿ ಫಿಟ್ಜ್-ಐಲ್ವಿನ್‌ನ ಕಾಲದ್ದೆಂದು ಹೇಳುತ್ತದೆ. ಇಬ್ಬರೂ ತಲಾ ಒಂದೂವರೆ ಅಡಿ ನೆಲವನ್ನು ಬಿಟ್ಟುಕೊಟ್ಟು, ಮೂರಡಿ ದಪ್ಪ, ಹದಿನಾರು ಅಡಿ ಎತ್ತರದ ಗೋಡೆಯನ್ನು ಸಮವೆಚ್ಚದಲ್ಲಿ ಕಟ್ಟಬೇಕು. ಗೋಡೆಯಲ್ಲಿ ಗೂಡು ಬೇಕಾದರೆ ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಒಂದಡಿ ಆಳದವರೆಗೆ ಮಾತ್ರ ಕೊರೆಯಬಹುದು. ನಡುವೆ ಒಂದಡಿ ಕಲ್ಲು ಉಳಿಯಲೇಬೇಕು.

ಒಬ್ಬನು ಬಡವನಾಗಿದ್ದು ಗೋಡೆಯ ಅರ್ಧವೆಚ್ಚವನ್ನು ಭರಿಸಲಾರದಿದ್ದರೆ? ಆ ಕಟ್ಟಳೆಯ ಅತ್ಯಂತ ಆಲೋಚನೆಯ ಭಾಗವು ಇದು. ಅವನು ಹಣ ಕೊಡಬೇಕಿಲ್ಲ; ಮೂರಡಿ ನೆಲವನ್ನು ಪೂರ್ತಿ ತನ್ನ ಕಡೆಯಿಂದಲೇ ಬಿಟ್ಟುಕೊಡುತ್ತಾನೆ. ಅನುಕೂಲಸ್ಥನಾದ ನೆರೆಯವನು ತನ್ನ ಖರ್ಚಿನಿಂದ ಗೋಡೆಯನ್ನು ಎಬ್ಬಿಸುತ್ತಾನೆ. ಅನಂತರ ಗೋಡೆಯ ಅರ್ಧವು ನೆಲ ಕೊಟ್ಟವನಿಗೆ ಸೇರುತ್ತದೆ. ಅವನೂ ತನ್ನ ತೊಲೆಗಳನ್ನು ಅದರ ಮೇಲೆ ಇರಿಸಬಹುದು. ಬಡವನಿಗೆ ದಾನವೆಂಬ ಹಂಗಿಲ್ಲ, ಧನಿಕನಿಗೆ ನಷ್ಟವೆಂಬ ಮುನಿಸಿಲ್ಲ. ನಮ್ಮ ವ್ಯಾಪಾರದ ಪಾಲುಪತ್ರಗಳಲ್ಲಿಯೂ ಇಷ್ಟು ನಿರ್ವಿಕಾರವಾದ ಕರಾರನ್ನು ನಾನು ವಿರಳವಾಗಿ ಕಂಡಿದ್ದೇನೆ.

ದೂರು ಬಂದಾಗ ಮೇಯರ್ ಮತ್ತು ಆಲ್ಡರ್‌ಮನ್‌ಗಳು ಆಸನದಲ್ಲಿ ಕುಳಿತೇ ತೀರ್ಪು ಕೊಡುತ್ತಿರಲಿಲ್ಲ. ಪ್ರಮಾಣ ಸ್ವೀಕರಿಸಿದ ಕಲ್ಲುಕುಟಿಗರನ್ನೂ ಬಡಗಿಗಳನ್ನೂ ಕರೆದುಕೊಂಡು ಗೋಡೆಯಿರುವ ಸ್ಥಳಕ್ಕೇ ಹೋಗುತ್ತಿದ್ದರು. ತಪ್ಪು ಕಂಡುಬಂದರೆ ಸರಿಪಡಿಸಲು ನಲವತ್ತು ದಿನಗಳ ಅವಧಿ. 1301ರಿಂದ 1431ರವರೆಗಿನ ಇಂತಹ ಕಲಾಪಗಳ ಸುರುಳಿಗಳು ಉಳಿದುಬಂದಿವೆ. ಸೂರಿನ ನೀರು, ಕಕ್ಕಸಿನ ಗುಂಡಿ, ವಾಲಿದ ಗೋಡೆ, ಇಣುಕುವ ಕಿಟಕಿ: ಓದುವಾಗ ನಮ್ಮ ಬೀದಿಯ ಜಗಳಗಳನ್ನೇ ಕೇಳಿದಂತಾಗುತ್ತದೆ.

1666ರ ಸೆಪ್ಟೆಂಬರ್ 2ರಂದು ಹೊತ್ತಿಕೊಂಡ ಮಹಾಗ್ನಿಯು ಸುಮಾರು 13,200 ಮನೆಗಳನ್ನು ನುಂಗಿತು. ಚೆಕ್ಕುಬಂದಿಗಳೇ ಬೂದಿಯಾದ ಮೇಲೆ ಸಾವಿರಾರು ಮಂದಿ ಒಂದೇ ಕಾಲದಲ್ಲಿ ಮನೆ ಕಟ್ಟಲು ಹೊರಟರೆ ವ್ಯಾಜ್ಯಗಳಿಗೆ ಮಿತಿಯುಂಟೆ? 1667ರ ಪುನರ್ನಿರ್ಮಾಣದ ಕಾಯಿದೆಯು ನಡುಗೋಡೆಯನ್ನು ಇಬ್ಬರ ನೆಲದ ಮೇಲೂ ಸಮನಾಗಿ ಗುರುತಿಸಬೇಕೆಂದಿತು. ಎಲ್ಲರ ಕೈಯಲ್ಲಿಯೂ ಒಟ್ಟಿಗೆ ಹಣವಿರುವುದಿಲ್ಲವಷ್ಟೆ. ಆದುದರಿಂದ ಮೊದಲು ಕಟ್ಟಲು ತೊಡಗಿದವನೇ ಗೋಡೆಯನ್ನು ಪೂರ್ತಿ ಎಬ್ಬಿಸಬೇಕು, ಮುಂದಿನ ಮನೆಯು ಬಂದು ಕೂಡಿಕೊಳ್ಳುವಂತೆ ಮುಂಗೋಡೆಯ ಅಂಚಿನಲ್ಲಿ ಇಟ್ಟಿಗೆಯ ಹಲ್ಲುಗಳನ್ನು ಬಿಡಬೇಕು. ನೆರೆಯವನು ಮುಂದೆ ಕಟ್ಟಲು ಬಂದಾಗ ಆ ಗೋಡೆಯ ಅರ್ಧವೆಚ್ಚವನ್ನೂ ಅದಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿಯನ್ನೂ ತೆತ್ತ ಮೇಲೆಯೇ ಕೆಲಸ ಆರಂಭಿಸಬಹುದು. ಬಡ್ಡಿಯ ದರವನ್ನು ಜಗಳಕ್ಕೆ ಮೊದಲೇ ಬರೆದಿಟ್ಟ ಈ ವಿವೇಕಕ್ಕೆ ವರ್ತಕನಾದ ನಾನು ತಲೆಬಾಗುತ್ತೇನೆ.

ನೆಲವನ್ನು ಅಳೆದು ಗೂಟ ಹೊಡೆಯಲು ನಗರವು ಸರ್ವೇಯರುಗಳನ್ನು ನೇಮಿಸಿತು. ಅವರಲ್ಲಿ ರಾಬರ್ಟ್ ಹುಕ್ ಒಬ್ಬನು. ಶಾಲೆಯ ಮಕ್ಕಳು ಸ್ಪ್ರಿಂಗಿನ ನಿಯಮದಲ್ಲಿ ಓದುವ ವಿಜ್ಞಾನಿ ಅವನೇ. ಜೀವಕೋಶಕ್ಕೆ ಇಂಗ್ಲಿಷಿನ ಹೆಸರನ್ನಿತ್ತ ಆ ಮನುಷ್ಯನು ವರ್ಷಗಳ ಕಾಲ ಲಂಡನ್ನಿನ ಬೂದಿಯಲ್ಲಿ ತಿರುಗಾಡಿ, ನೆರೆಹೊರೆಯವರ ನೂರಾರು ತಕರಾರುಗಳನ್ನು ಸ್ಥಳದಲ್ಲಿಯೇ ನೋಡಿ ವರದಿ ಬರೆದನು. ಮಾಲೀಕ ಮತ್ತು ಬಾಡಿಗೆದಾರರ ವಿವಾದಗಳಿಗಾಗಿ ಪ್ರತ್ಯೇಕ ಅಗ್ನಿ ನ್ಯಾಯಾಲಯವನ್ನೂ ಸ್ಥಾಪಿಸಲಾಯಿತು. ಅಲ್ಲಿ ಕುಳಿತ ನ್ಯಾಯಾಧೀಶರು ಶುಲ್ಕ ಪಡೆಯಲಿಲ್ಲ. ಕೃತಜ್ಞತೆಯಿಂದ ನಗರವು ಅವರೆಲ್ಲರ ಭಾವಚಿತ್ರಗಳನ್ನು ಬರೆಸಿತು.

ಈ ಪರಂಪರೆಯ ಇಂದಿನ ರೂಪವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1997ರ ಜುಲೈ 1ರಿಂದ ಜಾರಿಗೆ ಬಂದ 1996ರ ಪಾರ್ಟಿ ವಾಲ್ ಕಾಯಿದೆ. ನಡುಗೋಡೆಯನ್ನು ಮುಟ್ಟುವ ಎರಡು ತಿಂಗಳ ಮೊದಲು, ನೆರೆಯ ಕಟ್ಟಡದಿಂದ ಮೂರು ಮೀಟರಿನೊಳಗೆ ಅದರ ಪಾಯಕ್ಕಿಂತ ಆಳವಾಗಿ ಅಗೆಯುವುದಿದ್ದರೆ ಒಂದು ತಿಂಗಳ ಮೊದಲು ಲಿಖಿತ ನೋಟೀಸು ಕೊಡಬೇಕು. ಹದಿನಾಲ್ಕು ದಿನಗಳಲ್ಲಿ ಒಪ್ಪಿಗೆ ಬಾರದಿದ್ದರೆ ಭಿನ್ನಾಭಿಪ್ರಾಯವಿದೆಯೆಂದೇ ಭಾವಿಸಲಾಗುತ್ತದೆ. ಮೌನವನ್ನು ಸಮ್ಮತಿಯೆಂದು ಎಣಿಸುವುದಿಲ್ಲ. ಆಗ ಇಬ್ಬರೂ ಸೇರಿ ಒಬ್ಬ ಸರ್ವೇಯರನ್ನು ಒಪ್ಪಬಹುದು, ಇಲ್ಲವೆ ತಲಾ ಒಬ್ಬರನ್ನು ನೇಮಿಸಬಹುದು. ತಲಾ ಒಬ್ಬರಾದಲ್ಲಿ ಅವರಿಬ್ಬರೂ ಕೆಲಸಕ್ಕೆ ಕೈಹಚ್ಚುವಾಗಲೇ ಮೂರನೆಯವರೊಬ್ಬರನ್ನು ಆರಿಸಿಟ್ಟುಕೊಳ್ಳುತ್ತಾರೆ. ಕೆಲಸ ಆರಂಭಿಸುವ ಮುನ್ನ ನೆರೆಯ ಮನೆಯ ಬಿರುಕುಗಳನ್ನೆಲ್ಲ ಪಟ್ಟಿಮಾಡಿ ಚಿತ್ರಸಹಿತ ಇರಿಸಿಕೊಳ್ಳುವುದು ಅಲ್ಲಿ ರೂಢಿ. ನನ್ನ ವ್ಯಾಜ್ಯವು ನಿಂತಿದ್ದುದು ಇಂತಹ ಒಂದು ಹಾಳೆಯ ಅಭಾವದ ಮೇಲೆ!

ನಮ್ಮಲ್ಲಿ ಇಂತಹ ಪ್ರತ್ಯೇಕ ಕೇಂದ್ರ ಕಾಯಿದೆಯಿಲ್ಲ. 1882ರ ಸುಖಾಧಿಕಾರ ಕಾಯಿದೆಯ 7ನೆಯ ಕಲಮು, ಪ್ರತಿಯೊಬ್ಬರ ನೆಲಕ್ಕೂ ಅದರ ಸಹಜಸ್ಥಿತಿಯಲ್ಲಿ ನೆರೆಯ ನೆಲದ ಆಸರೆ ಪಡೆಯುವ ಹಕ್ಕಿದೆಯೆಂದು ಉದಾಹರಣೆಯೊಡನೆ ಹೇಳುತ್ತದೆ. ‘ಸಹಜಸ್ಥಿತಿ’ ಎಂಬ ಮಾತನ್ನು ಗಮನಿಸಬೇಕು. ಮೇಲೆ ಕಟ್ಟಡವನ್ನು ಹೊತ್ತ ನೆಲವು ಇಪ್ಪತ್ತು ವರ್ಷ ನಿರಾತಂಕವಾಗಿ, ಹಕ್ಕಿನಿಂದೆಂಬಂತೆ ಆಸರೆ ಪಡೆದಿದ್ದರೆ ಆ ಹಕ್ಕು ಸಿದ್ಧಿಸುವುದು 15ನೆಯ ಕಲಮಿನಂತೆ. ನಮ್ಮ ಪೇಟೆಯ ಮನೆಗಳೂ ಬಸದಿಗಳ ಸುತ್ತಲಿನ ಮನೆಗಳೂ ಬಹುಪಾಲು ಇಪ್ಪತ್ತರ ಹಲವು ಪಟ್ಟು ಹಳೆಯವು. ಧರ್ಮಸಂಸ್ಥೆಗಳು ಅತಿಥಿಗೃಹವನ್ನೋ ಭೋಜನಶಾಲೆಯನ್ನೋ ಎಬ್ಬಿಸುವಾಗ, ಜಾಗ ನಮ್ಮದೇ ತಾನೆ ಎಂದು ಅಗೆಯಲು ತೊಡಗುವ ಮುನ್ನ ಈ ಎರಡು ಕಲಮುಗಳನ್ನು ವಕೀಲರಿಂದ ಓದಿಸಿ ಕೇಳುವುದು ಒಳ್ಳೆಯದು. ನೋಟೀಸು ಕೊಡಬಾರದೆಂದು ಯಾವ ಕಾಯಿದೆಯೂ ಹೇಳಿಲ್ಲ.

ಕಳೆದ ವರ್ಷ ನಮ್ಮ ಊರಿನ ಬಸದಿಯ ಪಕ್ಕದ ಹಳೆಯ ಛತ್ರವನ್ನು ಕೆಡವಿ ಕಟ್ಟಲು ಟ್ರಸ್ಟಿನ ಸಭೆಯು ತೀರ್ಮಾನಿಸಿತು. ಅದರ ಒಂದು ಗೋಡೆಯು ನೆರೆಯ ವೃದ್ಧೆಯೊಬ್ಬರ ಮನೆಗೂ ಗೋಡೆ. ನಕ್ಷೆಯು ಮಂಜೂರಾಗುವ ಮೊದಲೇ ನಾವು ಮೂವರು ಧರ್ಮದರ್ಶಿಗಳು ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಅಜ್ಜಿ ಮಜ್ಜಿಗೆ ಕೊಟ್ಟರು. ಆಮೇಲೆ ಟಾರ್ಚು ಹಿಡಿದು ಗೋಡೆಯ ಎರಡೂ ಬದಿಗಳನ್ನು ನೋಡಿ, ಬಿರುಕುಗಳನ್ನು ಒಂದೊಂದಾಗಿ ಬರೆದು, ಉದ್ದವನ್ನು ಅಳೆದು, ಎರಡು ಪ್ರತಿಗಳ ಮೇಲೆ ಉಭಯರೂ ಸಹಿ ಮಾಡಿದೆವು. ಒಟ್ಟು ಹನ್ನೊಂದು ಬಿರುಕುಗಳು. ಅವುಗಳಲ್ಲಿ ಏಳು ನಮ್ಮ ಛತ್ರದ ಬದಿಯವು.