ಸ್ವತಂತ್ರ ತಂತ್ರಾಂಶ ವೃತ್ತಿ: ಕರಾರು, ಬಿಲ್ಲು ಮತ್ತು ತೆರಿಗೆ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ, ಅಮರೇಶ್ವರ ಜಾತ್ರೆಯಿಂದ ಪರಿಚಿತವಾದ ಊರು. ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಆಚೆಗೆ ಸಿಂಧನೂರಿನ ಭತ್ತದ ಗದ್ದೆಗಳು. ಇಲ್ಲಿ ಎಂಜಿನಿಯರಿಂಗ್ ಓದಿದವರು ಬೆಂಗಳೂರು ಅಥವಾ ಹೈದರಾಬಾದಿನ ಬಸ್ಸು ಹತ್ತುವುದು ರೂಢಿ. 2020ರ ಲಾಕ್‌ಡೌನ್ ಮನೆಯಿಂದಲೇ ತಂತ್ರಾಂಶ ಬರೆಯಬಹುದೆಂಬುದನ್ನು ತೋರಿಸಿಕೊಟ್ಟಿತು. ಇನ್ವರ್ಟರ್ ಮತ್ತು ಎರಡು ಬೇರೆ ಬೇರೆ ಕಂಪನಿಗಳ ಇಂಟರ್‌ನೆಟ್ ಸಂಪರ್ಕವಿದ್ದರೆ ಊರಿನ ದೂರ ಅಡ್ಡಿಯಾಗದು. ಅಡ್ಡಿಯಾಗುವುದು ಹೆಚ್ಚಾಗಿ ಕಾಗದಪತ್ರ. ಕೆಲಸ ಬಲ್ಲವರೂ ಹಣ ಕಳೆದುಕೊಳ್ಳುವುದು ಅಲ್ಲಿಯೇ.

ದಲಾಲಿ ಅಂಗಡಿಯಲ್ಲಿ ಉದ್ರಿ ನಡೆಯುವುದು ತಲೆಮಾರುಗಳ ಮುಖಪರಿಚಯದ ಮೇಲೆ. ಪುಣೆಯಲ್ಲೋ ಲಂಡನ್ನಿನಲ್ಲೋ ಕುಳಿತ ಗ್ರಾಹಕನೊಡನೆ ಅಂಥ ಪರಿಚಯವಿರುವುದಿಲ್ಲ. ಆದ್ದರಿಂದ ಸಂಚಕಾರವಿಲ್ಲದೆ ಕೆಲಸ ಆರಂಭಿಸಬಾರದು. ಮೂರನೆಯ ಒಂದು ಭಾಗ ಮುಂಗಡ, ಉಳಿದದ್ದು ಹಂತಹಂತವಾಗಿ ಎಂಬ ಷರತ್ತು ಅತಿಯಾದುದಲ್ಲ. ಏನೇನು ಮಾಡಿಕೊಡಲಾಗುವುದು, ಎಷ್ಟು ಬಾರಿ ತಿದ್ದುಪಡಿ ಉಚಿತ, ಹೆಚ್ಚುವರಿ ಕೆಲಸಕ್ಕೆ ಗಂಟೆಗೆಷ್ಟು ಎಂಬುದನ್ನು ಇ-ಮೇಲ್‌ನಲ್ಲಾದರೂ ಬರೆದು ಒಪ್ಪಿಗೆ ಪಡೆಯಬೇಕು. 'ಇದೊಂದು ಸಣ್ಣ ಬದಲಾವಣೆ' ಎಂಬ ಮಾತಿನಿಂದ ಆಗುವ ನಷ್ಟ ಸಣ್ಣದಲ್ಲ.

ಬರೆದ ತಂತ್ರಾಂಶದ ಒಡೆತನ ಯಾರದು ಎಂಬುದು ಅನೇಕರು ಯೋಚಿಸದ ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆ. ಸ್ವತಂತ್ರ ವೃತ್ತಿಗಾರ ನೌಕರನಲ್ಲ. ಬೇರೆ ಕರಾರಿಲ್ಲದಿದ್ದರೆ ಮೊದಲ ಹಕ್ಕು ಬರೆದವನದೇ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಬರೆದವನ ಸಹಿ ಹೊಂದಿರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದು ಭಾವಿಸಲಾಗುತ್ತದೆ. ಹೀಗಾಗಿ 'ಪೂರ್ಣ ಹಣ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆಯಾಗುವುದು' ಎಂಬ ಒಂದು ವಾಕ್ಯ ಕರಾರಿನಲ್ಲಿರಲೇಬೇಕು. ಕೊನೆಯ ಕಂತು ವಸೂಲಿಗೆ ಇದಕ್ಕಿಂತ ಒಳ್ಳೆಯ ಹಿಡಿತ ಬೇರೊಂದಿಲ್ಲ.

ದೇಶೀಯ ಗ್ರಾಹಕರ ವಿಷಯದಲ್ಲಿ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯೂ ನೆರವಿಗಿದೆ. ಉದ್ಯಮ್ ತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡ ಕಿರು ಮತ್ತು ಸಣ್ಣ ಉದ್ದಿಮೆಗೆ ಖರೀದಿದಾರನು ಕರಾರಿನ ದಿನದೊಳಗೆ, ಹೇಗಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ರಾಜ್ಯದ ಸೌಲಭ್ಯ ಮಂಡಳಿ ಆಲಿಸುತ್ತದೆ. ಕೆಲಸ ಒಪ್ಪಿಕೊಳ್ಳುವ ಮುನ್ನವೇ ನೋಂದಣಿಯಾಗಿರುವುದು ಕ್ಷೇಮ. ವಿದೇಶಿ ಗ್ರಾಹಕನಿಗೆ ಈ ಕಾಯ್ದೆಯ ಭಯವಿಲ್ಲ. ಅಲ್ಲಿ ಮುಂಗಡವೇ ಗತಿ.

ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೊರರಾಜ್ಯದ ಗ್ರಾಹಕರಿದ್ದರೂ ಮಿತಿ ಇದೇ. ರಫ್ತಿಗೆ ತೆರಿಗೆ ಇಲ್ಲವೆಂದು ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ತಪ್ಪು. ಒಟ್ಟು ವಹಿವಾಟಿನಲ್ಲಿ ಅದೂ ಸೇರುತ್ತದೆ. ನೋಂದಾಯಿತರು ಪ್ರತಿ ಆರ್ಥಿಕ ವರ್ಷ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ವಿದೇಶಿ ಹಣ ಬಂದುದಕ್ಕೆ ಬ್ಯಾಂಕಿನಿಂದ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳಬೇಕು.

ಆದಾಯ ತೆರಿಗೆಯಲ್ಲಿ ಮಾಹಿತಿ ತಂತ್ರಜ್ಞಾನ ವೃತ್ತಿಗೆ ಅಂದಾಜು ಆದಾಯದ ಪದ್ಧತಿ ಅನುಕೂಲಕರ. ವರ್ಷದ ಗಳಿಕೆ 50 ಲಕ್ಷ ರೂ. ಒಳಗಿದ್ದರೆ, ನಗದು ಪಾವತಿ ಶೇ 5 ಮೀರದಿದ್ದಲ್ಲಿ 75 ಲಕ್ಷದವರೆಗೂ, ಕನಿಷ್ಠ ಅರ್ಧವನ್ನು ಆದಾಯವೆಂದು ಘೋಷಿಸಿದರೆ ಸಾಕು. 12 ಲಕ್ಷ ಗಳಿಸಿದವರು 6 ಲಕ್ಷ ತೋರಿಸಬಹುದು, ಲೆಕ್ಕಪುಸ್ತಕದ ಗೋಜಿಲ್ಲ. ಆದರೆ ಮನೆಸಾಲ ಕೇಳಲು ಹೋದಾಗ ಬ್ಯಾಂಕು ನೋಡುವುದೂ ಆ 6 ಲಕ್ಷವನ್ನೇ. ಸಾಲದ ಯೋಚನೆಯಿರುವವರು ಎರಡು ಮೂರು ವರ್ಷ ಮುಂಚೆಯೇ ಲೆಕ್ಕಪರಿಶೋಧಕರೊಡನೆ ಮಾತಾಡುವುದು ಒಳಿತು.

ದರ ನಿಗದಿಯಲ್ಲಿ ಸಂಬಳದ ಲೆಕ್ಕ ನಡೆಯದು. ತಿಂಗಳಿಗೆ 60 ಸಾವಿರ ರೂ. ಬೇಕೆನ್ನುವವರು ಅದನ್ನು 200 ಗಂಟೆಗೆ ಭಾಗಿಸಿ 300 ರೂ. ಎನ್ನುತ್ತಾರೆ. ಗ್ರಾಹಕರನ್ನು ಹುಡುಕುವುದು, ಮಾತುಕತೆ, ಬಿಲ್ಲು ಬರೆಯುವುದು ಇವುಗಳಲ್ಲೇ ಅರ್ಧ ಸಮಯ ಕಳೆಯುತ್ತದೆಂದರೆ ದರ 600ಕ್ಕೆ ಏರಬೇಕು. ಭವಿಷ್ಯನಿಧಿ, ಆರೋಗ್ಯ ವಿಮೆ, ಲ್ಯಾಪ್‌ಟಾಪ್ ಇನ್ನೂ ಸೇರಿಲ್ಲ.

ಸೇವೆಯಿಂದ ಉತ್ಪನ್ನಕ್ಕೆ ಹೊರಳುವವರ ದಾರಿ ಬೇರೆ. 2016ರಲ್ಲಿ ಆರಂಭವಾದ ಸ್ಟಾರ್ಟ್‌ಅಪ್ ಇಂಡಿಯಾದ ಮಾನ್ಯತೆ ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗೆ ಸಿಗದು. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆಯಂಥ ಸ್ವರೂಪ ಬೇಕು. ಒಬ್ಬಿಬ್ಬರು ಗ್ರಾಹಕರಿರುವಾಗಲೇ ಕಂಪನಿ ತೆರೆದರೆ ವರ್ಷವರ್ಷದ ಲೆಕ್ಕಪರಿಶೋಧನೆಯ ವೆಚ್ಚವೇ ಹೊರೆಯಾಗುತ್ತದೆ. ಉತ್ಪನ್ನಕ್ಕೆ ಹಣ ಕೊಡುವ ಗ್ರಾಹಕರು ಸಿಕ್ಕ ಬಳಿಕ ಕಂಪನಿ ನೋಂದಾಯಿಸಿದರೂ ತಡವೇನಲ್ಲ.