ಹಡಗನ್ನು ಆರಿಸಿಕೊಡುವವರು

ಕಳೆದ ತಿಂಗಳ ಕೂಟ ಮುಗಿದ ಮೇಲೆ ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು ಕೈಚೀಲದಿಂದ ಬಣ್ಣದ ಪುಸ್ತಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮದುವೆಯಾಗಿ ಐವತ್ತು ವರ್ಷ ತುಂಬುವ ಹೊತ್ತಿಗೆ ಪತಿಯೊಡನೆ ಮುಂಬಯಿಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ನಾಲ್ಕು ದಿನ ಕಳೆಯಬೇಕೆಂಬುದು ಅವರ ಆಸೆ. ಯಾವ ಹಡಗು, ಎಷ್ಟನೆಯ ಅಂತಸ್ತು, ಕಿಟಕಿಯಿರುವ ಕೋಣೆಯೋ ಇಲ್ಲದ್ದೋ ಎಂಬುದನ್ನೆಲ್ಲ ಟ್ರಾವೆಲ್ ಏಜೆಂಟ್ ವಿವರಿಸಿದ್ದನಂತೆ. "ಎಲ್ಲ ಚೆನ್ನಾಗಿಯೇ ಹೇಳಿದ. ಆದರೆ ಅವನು ಹೇಳುತ್ತಿರುವುದು ನನಗಾಗಿಯೋ, ಹಡಗಿನ ಕಂಪನಿಗಾಗಿಯೋ ತಿಳಿಯಲಿಲ್ಲ" ಎಂದರು ಅವರು. ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ಈ ಸಂಶಯಕ್ಕೆ ನೂರೈವತ್ತು ವರ್ಷಗಳಷ್ಟಾದರೂ ವಯಸ್ಸಾಗಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಇದೇ ಮುಂಬಯಿಯಲ್ಲಿ.

ಟ್ರಾವೆಲ್ ಏಜೆಂಟನ ಚರಿತ್ರೆಯನ್ನು ಸಾಮಾನ್ಯವಾಗಿ ಥಾಮಸ್ ಕುಕ್‌ನಿಂದ ಆರಂಭಿಸುತ್ತಾರೆ. ಇಂಗ್ಲೆಂಡಿನ ಈ ಮದ್ಯಪಾನ ವಿರೋಧಿ 1841ರ ಜುಲೈ 5ರಂದು ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್ ದರದಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದ. ಕುಡಿತದ ವಿರುದ್ಧದ ಸಭೆಗೆ ಹೊರಟ ಆ ಗುಂಪಿನಿಂದ ಬೆಳೆದ ಉದ್ಯಮ 1872ರಲ್ಲಿ 222 ದಿನಗಳ ಭೂಪ್ರದಕ್ಷಿಣೆಯನ್ನೇ ಏರ್ಪಡಿಸುವಷ್ಟು ದೊಡ್ಡದಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪೂರ್ವದ ದಾರಿ ಹತ್ತಿರವಾಗಿತ್ತು. ಕುಕ್ ಮಾರಿದ್ದು ಬರಿಯ ಟಿಕೆಟನ್ನಲ್ಲ, ಕಾಣದ ವಸ್ತುವಿನ ಬಗೆಗಿನ ಭರವಸೆಯನ್ನು. ಕುದುರೆಗಾಡಿಯನ್ನು ಹತ್ತುವ ಮುನ್ನ ಅದರ ಕುದುರೆಯನ್ನಾದರೂ ನೋಡಬಹುದು. ಹಡಗು ಹಾಗಲ್ಲ, ಹಣ ಕೊಟ್ಟು, ಊರು ಬಿಟ್ಟು, ಅಟ್ಟದ ಮೇಲೆ ಕಾಲಿಟ್ಟ ಮೇಲೆಯೇ ಅದು ಎಂಥದೆಂದು ತಿಳಿಯುವುದು. ಆಗ ಇಳಿಯಲಾಗದು.

ಹಾಗೆ ಇಳಿಯಲಾಗದವರ ಗತಿ ಏನಾಗುತ್ತಿತ್ತೆಂಬುದನ್ನು 1880ರ ಒಂದು ಘಟನೆ ಲೋಕಕ್ಕೆ ತೋರಿಸಿತು. ಸಿಂಗಪುರ, ಪೆನಾಂಗ್‌ಗಳಿಂದ 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಹೊರಟ 'ಜೆಡ್ಡಾ' ಎಂಬ ಉಗಿಹಡಗಿಗೆ ಆಫ್ರಿಕದ ಮೂಲೆಯ ಬಳಿ ಬಿರುಗಾಳಿಯಲ್ಲಿ ನೀರು ನುಗ್ಗಿತು. ಆಗಸ್ಟ್ 8ರಂದು ಕಪ್ತಾನನೂ ಅಧಿಕಾರಿಗಳೂ ಯಾತ್ರಿಕರನ್ನು ಹಡಗಿನಲ್ಲೇ ಬಿಟ್ಟು ಚಿಕ್ಕ ದೋಣಿಯೇರಿ ಪಾರಾದರು. ಏಡನ್ ತಲುಪಿ, ಹಡಗು ಮುಳುಗಿತೆಂದು ವರದಿ ಕೊಟ್ಟರು. ಮರುದಿನವೇ 'ಜೆಡ್ಡಾ' ಇನ್ನೊಂದು ಹಡಗಿನ ಹಗ್ಗ ಹಿಡಿದು ಅದೇ ಬಂದರಿಗೆ ಬಂದು ನಿಂತಿತು. ಯಾತ್ರಿಕರಲ್ಲಿ ಬಹುತೇಕ ಎಲ್ಲರೂ ಜೀವಂತವಾಗಿದ್ದರು. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ 'ಲಾರ್ಡ್ ಜಿಮ್' ಕಾದಂಬರಿಗೆ ಬೀಜವಾದದ್ದು ಇದೇ ಪ್ರಸಂಗ. ಕಾದಂಬರಿ ಅಧಿಕಾರಿಯ ಮನಸ್ಸಾಕ್ಷಿಯನ್ನು ಹಿಂಬಾಲಿಸುತ್ತದೆ. ಆ ಯಾತ್ರಿಕರಿಗೆ ಅಂಥ ಹಡಗಿನ ಟಿಕೆಟು ಮಾರಿದವರು ಯಾರು ಎಂಬುದು ನನ್ನಂಥವನ ಕುತೂಹಲ.

ಹಿಂದೂಸ್ತಾನದ ಯಾತ್ರಿಕರಿಗೆ ಮುಖ್ಯ ಬಂದರು ಮುಂಬಯಿಯಾಗಿತ್ತು. ಇಲ್ಲಿ ಟಿಕೆಟು ಮಾರುತ್ತಿದ್ದವರು ಹಜ್ ದಲ್ಲಾಳಿಗಳು. ಅವರು ಯಾತ್ರಿಕರನ್ನು ಎದುರುಗೊಂಡು, ಮುಸಾಫಿರಖಾನೆಯಲ್ಲಿ ಇಳಿಸಿ, ಹಡಗಿನ ಮಾತು ಕುದುರಿಸುತ್ತಿದ್ದರು. ಇಂದು ಹೊರಡುತ್ತದೆ, ನಾಳೆ ಹೊರಡುತ್ತದೆ ಎಂದು ದಿನಗಳು ಕಳೆಯುವಾಗ ಬಡವರ ಗಂಟು ಕರಗುತ್ತಿತ್ತು. ಹಡಗುಗಳು ಜನರಿಂದ ಕಿಕ್ಕಿರಿದಿರುತ್ತಿದ್ದವು. ಮರಳುವ ಹಣವಿಲ್ಲದೆ ಜೆಡ್ಡಾ ಪಟ್ಟಣದಲ್ಲೇ ಉಳಿದುಬಿಡುವವರು ಸರ್ಕಾರಕ್ಕೆ ತಲೆನೋವಾದರು. ಕಾಲರಾ ಹರಡುವ ಭಯದಿಂದ ಯೂರೋಪಿನ ರಾಷ್ಟ್ರಗಳೂ ಈ ಹಡಗುಗಳ ಮೇಲೆ ಕಣ್ಣಿಟ್ಟಿದ್ದವು.

ಈ ಒತ್ತಡಗಳ ನಡುವೆ 1886ರಲ್ಲಿ ಸರ್ಕಾರ ಯಾತ್ರಿಕರ ಪ್ರಯಾಣದ ಹೊಣೆಯನ್ನು ಥಾಮಸ್ ಕುಕ್ ಅಂಡ್ ಸನ್ ಸಂಸ್ಥೆಗೆ ವಹಿಸಿತು. ಸಂಸ್ಥೆಯನ್ನು ಆಗ ನಡೆಸುತ್ತಿದ್ದವನು ಥಾಮಸ್‌ನ ಮಗ ಜಾನ್ ಮೇಸನ್ ಕುಕ್. ನೈಲ್ ನದಿಯಲ್ಲಿ ಸಿರಿವಂತರಿಗೆ ವಿಲಾಸದ ಉಗಿದೋಣಿಗಳನ್ನು ಓಡಿಸುತ್ತಿದ್ದ ಸಂಸ್ಥೆ ಇಲ್ಲಿ ಚಾಪೆ, ಪಾತ್ರೆ, ಅಕ್ಕಿಯ ಗಂಟುಗಳೊಡನೆ ಬಂದವರಿಗೆ ಟಿಕೆಟು ಕೊಡಲು ನಿಂತಿತು. ದರವನ್ನು ಮುಂಚಿತವಾಗಿ ಪ್ರಕಟಿಸುವುದು, ರೈಲಿನ ಪ್ರಯಾಣವನ್ನೂ ಹಡಗಿನ ಪ್ರಯಾಣವನ್ನೂ ಒಂದಕ್ಕೊಂದು ಜೋಡಿಸುವುದು ಅದರ ಕ್ರಮ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು.

ಆದರೂ ಅದು ಬೇರೂರಲಿಲ್ಲ. 1890ರ ದಶಕದ ಮೊದಲ ವರ್ಷಗಳಲ್ಲೇ ಕುಕ್ ಸಂಸ್ಥೆ ಈ ಕೆಲಸದಿಂದ ಹಿಂದೆ ಸರಿಯಿತು, ದಲ್ಲಾಳಿ ಉಳಿದ. ವ್ಯವಹಾರದ ಲೆಕ್ಕಾಚಾರ ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿ ಸಿಗುವಂಥದಲ್ಲವೆಂದು ನನ್ನ ಭಾವನೆ. ದಲ್ಲಾಳಿ ಮೋಸ ಮಾಡುತ್ತಿದ್ದನೇ? ಅನೇಕರು ಮಾಡುತ್ತಿದ್ದರು. ಆದರೆ ಅವನು ಯಾತ್ರಿಕನ ಭಾಷೆಯಲ್ಲಿ ಮಾತನಾಡುತ್ತಿದ್ದ, ಮಲಗಲು ಜಾಗ ತೋರಿಸುತ್ತಿದ್ದ. ಕರಾವಳಿಯಿಂದ ಹಡಗು ಹತ್ತಿ ಈ ನಗರಕ್ಕೆ ಬಂದಿಳಿದ ನಮ್ಮ ಹಿರಿಯರೂ ಕೌಂಟರಿನಲ್ಲಿ ಬರೆದಿಟ್ಟ ದರಪಟ್ಟಿಯನ್ನು ಹುಡುಕಲಿಲ್ಲ, ತಮ್ಮ ಭಾಷೆಯಾಡುವ ಒಬ್ಬನನ್ನು ಹುಡುಕಿದರು. ಅವನು ಎರಡಾಣೆ ಹೆಚ್ಚು ಕಿತ್ತರೂ ಸರಿಯೇ.

ವಿಹಾರದ ಹಡಗಿನ ಕತೆಯೂ ಇದೇ ದಲ್ಲಾಳಿಯ ಅಂಗಡಿಯಿಂದಲೇ ಹುಟ್ಟಿತೆಂಬುದು ಸ್ವಾರಸ್ಯ. ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲ್ಲಿನ್‌ನ ತಂದೆ ಅಮೆರಿಕಕ್ಕೆ ವಲಸೆ ಹೋಗುವ ಬಡವರಿಗೆ ಟಿಕೆಟು ಮಾರುವ ಏಜೆನ್ಸಿ ನಡೆಸುತ್ತಿದ್ದ. 1874ರಲ್ಲಿ ತಂದೆ ತೀರಿಕೊಂಡ ಮೇಲೆ ಹದಿಹರೆಯದ ಆಲ್ಬರ್ಟ್ ಆ ಕೆಲಸಕ್ಕೆ ಹೆಗಲು ಕೊಟ್ಟ. 1886ರಲ್ಲಿ ಹ್ಯಾಂಬರ್ಗ್ ಅಮೆರಿಕ ಹಡಗು ಸಂಸ್ಥೆ ಅವನನ್ನು ಪ್ರಯಾಣಿಕರ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿಕೊಂಡಿತು. ಮುಂಬಯಿಯಲ್ಲಿ ಕುಕ್ ಹಜ್ ಹೊಣೆ ಹೊತ್ತ ವರ್ಷವೂ ಅದೇ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ. ಭಾರಿ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ಟಿಕೆಟು ಮಾರಿ ಬೆಳೆದವನ ಕಣ್ಣಿಗೆ ಖಾಲಿ ಹಡಗು ನಷ್ಟವಾಗಿ ಕಂಡದ್ದು ಸಹಜ. 1891ರ ಜನವರಿ 22ರಂದು 'ಆಗುಸ್ಟಾ ವಿಕ್ಟೋರಿಯಾ' 241 ಪ್ರಯಾಣಿಕರೊಡನೆ ಮೆಡಿಟರೇನಿಯನ್ ಕಡೆಗೆ ಹೊರಟಿತು. ಎಲ್ಲಿಗೂ ಸೇರಬೇಕಾಗಿಲ್ಲದ ಜನ, ಹೊರಟ ಕಡೆಗೇ ಮರಳಲು ಹಣ ತೆತ್ತಿದ್ದರು. ಅವನ ಸಹೋದ್ಯೋಗಿಗಳು ಮೊದಲು ನಕ್ಕಿದ್ದರೆ ಅಚ್ಚರಿಯೇನಿಲ್ಲ.

ಅಂದಿನಿಂದ ಕೋಣೆಯ ಆಯ್ಕೆಯೇ ಒಂದು ವಿದ್ಯೆಯಾಯಿತು. ಇಂಗ್ಲೆಂಡಿನಿಂದ ಮುಂಬಯಿಗೆ ಬರುವಾಗ ಎಡಬದಿ, ಮರಳುವಾಗ ಬಲಬದಿಯ ಕೋಣೆ ತಂಪು. ಆ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಲೇ 'ಪಾಷ್' ಎಂಬ ಮಾತು ಹುಟ್ಟಿತೆಂದು ಅನೇಕರು ಹೇಳುತ್ತಾರೆ. ಆ ವ್ಯುತ್ಪತ್ತಿಗೆ ಆಧಾರ ಸಿಕ್ಕಿಲ್ಲ. ಆದರೆ ಫ್ಯಾನಿಲ್ಲದ ಕಾಲದ ಕೆಂಪು ಸಮುದ್ರದಲ್ಲಿ ಕೋಣೆಯ ಬದಿಗೆ ಬೆಲೆಯಿತ್ತೆಂಬುದನ್ನು ನಂಬಲು ಕಷ್ಟವಿಲ್ಲ.

ಕುಕ್‌ನ ಹೆಸರಿನ ಬ್ರಿಟಿಷ್ ಸಂಸ್ಥೆ 2019ರ ಸೆಪ್ಟೆಂಬರ್ 23ರಂದು ಬಾಗಿಲು ಮುಚ್ಚಿತು. ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿನ ಸರ್ಕಾರವೇ ವಿಮಾನ ಗೊತ್ತುಮಾಡಿ ಕರೆತರಬೇಕಾಯಿತು. ನಮ್ಮಲ್ಲಿ ಅದೇ ಹೆಸರಿನಲ್ಲಿರುವ ಕಂಪನಿಯ ಒಡೆತನ ಅದಕ್ಕೆ ಮೊದಲೇ ಬೇರೆಯಾಗಿದ್ದುದರಿಂದ ಇಲ್ಲಿಗೆ ಆ ಬಿಸಿ ತಟ್ಟಲಿಲ್ಲ. ವಿಮಾನದ ಟಿಕೆಟನ್ನು ಈಗ ನಾವೇ ಫೋನಿನಲ್ಲಿ ಕೊಳ್ಳುತ್ತೇವೆ. ಕ್ರೂಸ್ ಹಡಗಿಗೆ ಮಾತ್ರ ಇಂದಿಗೂ ಏಜೆಂಟನ ಮುಂದೆ ಕೂರುವವರು ಬಹಳ. ಅವನ ಸಂಬಳ ಹೆಚ್ಚಾಗಿ ಬರುವುದು ಹಡಗಿನ ಕಂಪನಿ ಕೊಡುವ ಕಮಿಷನ್ನಿನಿಂದ.

ಇದನ್ನೆಲ್ಲ ನಮ್ಮ ಹಿರಿಯ ಸದಸ್ಯೆಗೆ ಫೋನಿನಲ್ಲಿ ಹೇಳಿದೆ. ಅವರು ಮರುದಿನ ಏಜೆಂಟನ ಬಳಿ ಹೋಗಿ ಎರಡು ಪ್ರಶ್ನೆ ಕೇಳಿದರಂತೆ. ಅಲೆಯ ತೂಗಾಟ ಕಡಿಮೆ ಇರುವ ಕೋಣೆ ಯಾವುದು ಎಂಬುದು ಮೊದಲನೆಯದು. ಹಡಗಿನ ನಡುಭಾಗದ, ಕೆಳ ಅಂತಸ್ತಿನದು ಎಂದು ಅವನು ಥಟ್ಟನೆ ಹೇಳಿದ. ಪುಸ್ತಿಕೆಯಲ್ಲಿ ಅವನು ಗುರುತು ಹಾಕಿಕೊಟ್ಟಿದ್ದದ್ದು ತುದಿಯ, ಮೇಲಂತಸ್ತಿನ ದುಬಾರಿ ಕೋಣೆಯನ್ನು. ಯಾವ ಹಡಗಿಗೆ ನಿನಗೆ ಹೆಚ್ಚು ಕಮಿಷನ್ ಎಂಬುದು ಎರಡನೆಯದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕಪಾಟಿನಿಂದ ಬೇರೊಂದು ಪುಸ್ತಿಕೆಯನ್ನು ತೆಗೆದನಂತೆ.