ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳೂ ಗಡಿಯ ಕನ್ನಡ ಶಾಲೆಯೂ

ಒಂದು ನಾಡಿನ ಏಳಿಗೆಯನ್ನು ಅಳೆಯುವವರು ಅಲ್ಲಿಯ ಅಣೆಕಟ್ಟುಗಳನ್ನೂ ಸೇತುವೆಗಳನ್ನೂ ಕಾರಖಾನೆಗಳನ್ನೂ ಎಣಿಸುವುದು ವಾಡಿಕೆ. ಅವುಗಳನ್ನು ಕಟ್ಟಿದವರು ಆ ವಿದ್ಯೆಯನ್ನು ಎಲ್ಲಿ ಕಲಿತರೆಂದು ವಿಚಾರಿಸುವವರು ವಿರಳ. ಇಂದು ದುಧನಿಯ ಮನೆಗಳಲ್ಲಿ ಹತ್ತನೆಯ ಇಯತ್ತೆ ದಾಟಿದ ಮಗನೋ ಮಗಳೋ ಇದ್ದರೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಮಾತು ಬಾರದೆ ಇರದು. ಆ ಕಾಲೇಜುಗಳು ಹುಟ್ಟಿ ಬೆಳೆದ ಬಗೆಯನ್ನೂ, ಅವುಗಳ ಬಾಗಿಲಿಗೂ ನಮ್ಮೂರ ಕನ್ನಡ ಶಾಲೆಗೂ ಇರುವ ನಂಟನ್ನೂ ಓದುಗ ಬಂಧುಗಳ ಮುಂದೆ ಇರಿಸಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಯನ್ನು ಬಯಸಿದ ಕನ್ನಡಿಗನಿಗೆ ತನ್ನ ನಾಡಿನಲ್ಲಿ ಕಾಲೇಜು ಇರಲಿಲ್ಲ. ಉತ್ತರದ ರೂರ್ಕಿಯಲ್ಲಿ 1847ರಲ್ಲಿಯೂ, ಪುಣೆಯಲ್ಲಿ 1854ರಲ್ಲಿಯೂ ಇಂಜಿನಿಯರಿಂಗ್ ಶಿಕ್ಷಣ ಆರಂಭವಾಗಿದ್ದಿತು. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. 1883ರಲ್ಲಿ ಅಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿಗಳ ಮೇಲೆ ಬಂದ ರೈಲುಹಾದಿಯು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯ ಹಾದಿಯೊಡನೆ ಕೂಡಿತಷ್ಟೆ. ಆ ಹಾದಿ ನಮ್ಮ ದುಧನಿಯನ್ನು ಹಾದೇ ಹೋಗುತ್ತದೆ. ಅಂದು ವಿದ್ಯೆಯು ಈ ಹಾದಿಯ ವಾಯವ್ಯದ ತುದಿಯಲ್ಲಿ ದೊರೆಯುತ್ತಿದ್ದಿತು. ಅದು ದಕ್ಷಿಣದ ಕಡೆಗೂ ಬಂದುದು ಹೇಗೆಂಬುದೇ ನಮ್ಮ ಪ್ರಸ್ತುತ ವಿಷಯ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಆ ಯಂತ್ರಗಳೂ ಅವನ್ನು ಬಲ್ಲ ತಜ್ಞರೂ ಬಹುಮಟ್ಟಿಗೆ ಹೊರದೇಶದಿಂದಲೇ ಬರಬೇಕಾಗಿದ್ದಿತು. ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯ ಮೇಲೆ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅದು ಉನ್ನತ ಸಂಶೋಧನೆಯ ಪೀಠವೇ ಹೊರತು, ಹಳ್ಳಿಯ ಜಾಣ ಹುಡುಗನನ್ನು ಇಂಜಿನಿಯರನನ್ನಾಗಿ ಮಾಡುವ ಕಾಲೇಜಲ್ಲ. ಆ ಕೊರತೆಯನ್ನು ತುಂಬಿದವರು ಪುಣೆಯಲ್ಲಿ ಓದಿ ಬಂದ ವಿಶ್ವೇಶ್ವರಯ್ಯನವರೇ. 1912ರಲ್ಲಿ ದಿವಾನರಾದ ಅವರ ಕಾಲದಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1917ರಲ್ಲಿ ಬೆಂಗಳೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ತಲೆಯೆತ್ತಿದವು. ಬೆಂಗಳೂರು ವಿಶ್ವವಿದ್ಯಾಲಯವು ಹುಟ್ಟಿದ ಮರುವರ್ಷ, ಎಂದರೆ 1965ರಲ್ಲಿ, ಆ ಕಾಲೇಜಿಗೆ ಅವರದೇ ಹೆಸರನ್ನಿಟ್ಟರು. ತಾನು ಪಟ್ಟ ದೂರದ ಪಯಣವನ್ನು ಮುಂದಿನವರು ಪಡದಿರಲೆಂದು ಒಬ್ಬನು ಮಾಡಬಹುದಾದ ಉಪಕಾರಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಅನಂತರ ಬೆಂಗಳೂರು ಕಾರಖಾನೆಗಳ ನಗರವಾಯಿತು. 1940ರಲ್ಲಿ ವಿಮಾನ ಕಾರಖಾನೆ, 1948ರಲ್ಲಿ ಟೆಲಿಫೋನ್ ಕಾರಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಇವೆಲ್ಲಕ್ಕೂ ಇಂಜಿನಿಯರುಗಳು ಬೇಕಾದರು. ಸರ್ಕಾರಿ ಕಾಲೇಜೊಂದರಿಂದ ಆ ಬೇಡಿಕೆ ತೀರುವಂತಿರಲಿಲ್ಲ. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ತಮ್ಮ ಸ್ವಂತ ದ್ರವ್ಯದಿಂದ ಬಸವನಗುಡಿಯಲ್ಲಿ ಕಾಲೇಜನ್ನು ಸ್ಥಾಪಿಸಿ ಖಾಸಗಿ ಪ್ರಯತ್ನಕ್ಕೆ ದಾರಿ ತೋರಿದರು. 1962ರಲ್ಲಿ ಎಂ.ಎಸ್. ರಾಮಯ್ಯನವರ ಸಂಸ್ಥೆ, 1963ರಲ್ಲಿ ಆರ್.ವಿ. ಕಾಲೇಜು ಹುಟ್ಟಿದವು. 1979ರ ತರುವಾಯವಂತೂ ಕಾಲೇಜುಗಳ ಸಂಖ್ಯೆ ವೇಗವಾಗಿ ಬೆಳೆಯಿತು.

ಬೆಳೆಯ ಜೊತೆಗೆ ಕಳೆಯೂ ಬೆಳೆಯಿತೆನ್ನದೆ ವಿಧಿಯಿಲ್ಲ. ಪ್ರವೇಶಕ್ಕೆ ಹಣ ತೆರುವ ಕ್ಯಾಪಿಟೇಶನ್ ಪದ್ಧತಿಯು ಬಡವರ ಮಕ್ಕಳನ್ನು ಹೊರಗೆ ನಿಲ್ಲಿಸಿತು. 1984ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. 1992 ಮತ್ತು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ವಿರುದ್ಧ ತೀರ್ಪು ನೀಡಿತು. ಇದರ ಫಲವಾಗಿ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ಆರಂಭವಾಯಿತು. ಹಣದ ಚೀಲದ ಬದಲು ಅಂಕದ ಪಟ್ಟಿಯು ಸರ್ಕಾರಿ ಪಾಲಿನ ಸ್ಥಾನಗಳಿಗೆ ಬಾಗಿಲು ತೆರೆಯುವಂತಾಯಿತು. 1998ರಲ್ಲಿ ಗಡಿಯ ನಗರವಾದ ಬೆಳಗಾವಿಯಲ್ಲಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಸಂಸ್ಥಾನದ ಕಾಲ ಮುಗಿದ ಮೇಲೆ ಅಕ್ಕಲಕೋಟೆಯ ಸೀಮೆ ಸೊಲ್ಲಾಪುರ ಜಿಲ್ಲೆಗೆ ಸೇರಿತು. 1956ರಲ್ಲಿ ಭಾಷೆಯನ್ನನುಸರಿಸಿ ರಾಜ್ಯಗಳ ಪುನರ್ರಚನೆಯಾದಾಗ ಮುಂಬಯಿ ರಾಜ್ಯದಲ್ಲಿಯೂ, 1960ರಿಂದ ಮಹಾರಾಷ್ಟ್ರದಲ್ಲಿಯೂ ಉಳಿಯಿತು. 1967ರ ಮಹಾಜನ ಆಯೋಗದ ವರದಿಯು ಅಕ್ಕಲಕೋಟೆಯನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಆ ಶಿಫಾರಸು ಕಾರ್ಯಗತವಾಗಲಿಲ್ಲ. ಗೆರೆ ಎಳೆದಲ್ಲಿಯೇ ನಿಂತಿತು. ಆದರೆ ಗೆರೆಯಾಚೆಯ ಕನ್ನಡದ ಮಗುವನ್ನು ಕರ್ನಾಟಕವು ಪೂರ್ತಿಯಾಗಿ ಮರೆಯಲಿಲ್ಲ. ಸಿ.ಇ.ಟಿ. ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ವರ್ಗವುಂಟು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಹಾಗೂ ಕಾಸರಗೋಡಿನ ಕಡೆಯ ತಾಲೂಕುಗಳ ಹೆಸರನ್ನು ಅಲ್ಲಿ ಬರೆದಿದೆ. ಆ ವರ್ಗದವರು ಒಂದು ಕನ್ನಡ ಭಾಷಾ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಬೇಕು. 50 ಅಂಕಗಳ ಆ ಪರೀಕ್ಷೆಯಲ್ಲಿ 12 ಅಂಕ ಬಂದರೆ ಸಾಕು. ಅದರ ಮಟ್ಟ ನಾಲ್ಕನೆಯ ತರಗತಿಯದು.

ನಾಲ್ಕನೆಯ ತರಗತಿಯ ಕನ್ನಡವೆಂದು ಕೇಳಿ ಕೆಲವರು ನಕ್ಕಾರು. ಆದರೆ ಮನೆಯಲ್ಲಿ ಕನ್ನಡವಾಡಿಯೂ ಶಾಲೆಯಲ್ಲಿ ಅದರ ಅಕ್ಷರವನ್ನೇ ಕಾಣದೆ ಬೆಳೆದ ಮಗುವಿಗೆ ಆ ಮೆಟ್ಟಿಲೂ ಎತ್ತರವೆ. ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಜಾಣನಾದವನು ತಾಯಿಯ ಮಾತನ್ನು ಬರೆಯಲಾರದೆ ಬಾಗಿಲ ಹೊರಗೆ ನಿಲ್ಲುವುದು ಎಂಥ ವಿಪರ್ಯಾಸ! ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಮ್ಮ ತಾಲೂಕಿನಲ್ಲಿವೆ. ಮಹಾರಾಷ್ಟ್ರದ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತದೆ. ಅಟ್ಟದ ಮೇಲಿನ ಬೀಗದ ಕೈ ನಮ್ಮ ಕೈಯಲ್ಲಿಯೇ ಇದೆ.

“ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಶಾಲೆಯಿಂದ ಆಗುವುದೇನು?” ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೆ. 2021ರಲ್ಲಿ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತು ಒಪ್ಪಿಗೆ ಕೊಟ್ಟಿದ್ದರೂ, ಬೆಂಗಳೂರಿನ ತರಗತಿಗಳಲ್ಲಿ ಇಂಗ್ಲಿಷೇ ನಡೆಯುತ್ತದೆ. ಆದುದರಿಂದ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ನಮ್ಮ ಕನ್ನಡ ಶಾಲೆಗಳ ಕರ್ತವ್ಯವೇ ಸರಿ. ಆದರೆ ಇಂಗ್ಲಿಷ್ ಬರಬೇಕೆಂದು ಕನ್ನಡವನ್ನು ಬಿಡಬೇಕಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ, ಬಾರದವರಿಗೆ ‘ಬಳಕೆ ಕನ್ನಡ’ವನ್ನೂ ಪಾಠಕ್ಕಿಟ್ಟಿದೆ. ದುಧನಿಯ ಮಗು ಎರಡನೆಯ ಪಂಕ್ತಿಯಲ್ಲಿ ಕುಳಿತು ಅಆಇಈ ಕಲಿಯುವಂತಾಗಬಾರದು. ಮೇಲಾಗಿ, ಓದಿ ಬಂದ ಇಂಜಿನಿಯರು ನಮ್ಮ ಒಕ್ಕಲಿಗನ ಬಾವಿಯ ಪಂಪಿನ ಬಳಿ ನಿಂತು ಮಾತಾಡಬೇಕಾದುದು ಯಾವ ನುಡಿಯಲ್ಲಿ?

ಕನ್ನಡದ ಅಭಿಮಾನವು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ತೋರಿದರೆ ಸಾಲದು. ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವುದು, ಬೇರೆ ಮಾಧ್ಯಮದಲ್ಲಿ ಓದುವ ಮಗುವಿಗೆ ರಾತ್ರಿ ಅರ್ಧ ಗಂಟೆ ಕನ್ನಡ ಓದಿಸುವುದು, ಪ್ರತಿ ವರ್ಷದ ಪ್ರವೇಶ ಪ್ರಕಟಣೆಯನ್ನು ತರಿಸಿ ಹತ್ತು ಮನೆಗಳಿಗೆ ತಿಳಿಸುವುದು, ಇವು ಯಾವ ಸಂಘಕ್ಕೂ ಶಕ್ಯವಾದ ಕೆಲಸಗಳು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ದಿನವೂ ನಮ್ಮೂರ ಹಳಿಯ ಮೇಲೆಯೇ ಸಾಗುತ್ತದೆ. ಅದರಲ್ಲಿ ಕುಳಿತು ಹೊರಡುವ ನಮ್ಮ ಮಕ್ಕಳ ಗಂಟಿನಲ್ಲಿ ರೊಟ್ಟಿ ಚಟ್ನಿಯ ಜೊತೆಗೆ ಕನ್ನಡದ ಅಕ್ಷರವೂ ಇರಲೆಂದು ಹಾರೈಸುತ್ತೇವೆ.